ಗುಂಡಿಗೆ ಕಾಲಿಟ್ಟ ತಾತ

ಯಾರಾದರೂ ವಯಸ್ಸು ಕೇಳಿದರೆ ನನ್ನ ತಾಯಿಯ ತಂದೆ ಒಂದೇ ಉತ್ತರ ಕೊಡುತ್ತಿದ್ದರು. “ಹನ್ನೆರಡನೇ ವಯಸ್ಸಿಗೇ ಗುಂಡಿಗೆ ಕಾಲಿಟ್ಟೋನು ನಾನು. ಯಮ ಕಾದೂ ಕಾದೂ ಬೇಜಾರಾಗಿ ಹೋಗ್ಬಿಟ್ಟ.” ಕೇಳಿದವರು ಗಾಬರಿಯಾದರೆ ಮಗ್ಗದ ಕಡೆ ಕೈ ತೋರಿಸಿ ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದರು. ಅವರ ಊರು ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯ ಹತ್ತಿರದ ನೆಗಮಂ. ಅಲ್ಲಿನ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನನ್ನ ಮಟ್ಟಿಗೆ ಆ ಸೀರೆಯ ಕಥೆ ಎಂದರೆ ತಾತನ ಕಥೆ.

ಗುಂಡಿಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂರುತ್ತಾನೆ, ಕಾಲು ಮಾತ್ರ ಗುಂಡಿಯೊಳಗೆ. ಅಲ್ಲಿ ಎರಡು ತುಳಿಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ. ಆ ಸಂದಿಯಲ್ಲಿ ಲಾಳಿ ಹಾಯಬೇಕು, ಹಾಯ್ದ ಹೊಕ್ಕಿನ ಎಳೆಯನ್ನು ಹಣಿಗೆಯಿಂದ ಬಡಿದು ಕೂರಿಸಬೇಕು. ಗುಂಡಿ ತೋಡುವುದು ಕಾಲಿಗೆ ಜಾಗ ಮಾಡುವುದಕ್ಕಷ್ಟೇ ಅಲ್ಲ. ನೆಲದ ತಂಪು ನೂಲಿಗೆ ತಾಗುತ್ತಿದ್ದರೆ ಬಿಸಿಲುಗಾಲದಲ್ಲೂ ಎಳೆ ಬೇಗ ಕಡಿದುಹೋಗುವುದಿಲ್ಲ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಹೋದ ನಾವು ಆ ಗುಂಡಿಯ ಅಂಚಿನಲ್ಲಿ ಮಲಗಿ ಟಕ್ ಟಕ್ ಸದ್ದಿಗೆ ನಿದ್ದೆ ಹೋಗುತ್ತಿದ್ದೆವು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಹೊರಗೆ ತಮಿಳು, ಮನೆಯೊಳಗೆ ಕನ್ನಡ. ನಮ್ಮ ನೇಕಾರ ಸಮುದಾಯವಾದ ದೇವಾಂಗರ ಬಹುಪಾಲು ಮನೆಗಳಲ್ಲಿ ಕೊಯಮತ್ತೂರು ಸೀಮೆಯಲ್ಲಿ ಹೀಗೇ. ವಿಜಯನಗರದ ಕಾಲದಿಂದ ದಕ್ಷಿಣಕ್ಕೆ ಬಂದವರು ನಾವು ಎಂದು ಹಿರಿಯರು ಹೇಳಿಕೊಳ್ಳುತ್ತಾರೆ. ಹಂಪಿಯ ಹೇಮಕೂಟದ ಗಾಯತ್ರೀ ಪೀಠ ಈಗಲೂ ಗುರುಪೀಠ. ತಾತನಿಗೆ ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ, ಆದರೆ ಬೈಗುಳ, ಲಾಲಿ, ಲೆಕ್ಕ ಎಲ್ಲವೂ ಕನ್ನಡದಲ್ಲೇ. ವಿಜಯದಶಮಿಗೆ ಕೊಯಮತ್ತೂರಿನ ರಾಜಬೀದಿಯ ಸೌಡೇಶ್ವರಿ ಗುಡಿಗೆ ಕರೆದೊಯ್ಯುತ್ತಿದ್ದರು. ಅಲಗು ಹಿಡಿದ ಗಂಡಸರು ಎದೆ, ತೋಳಿಗೆ ಹೊಡೆದುಕೊಳ್ಳುತ್ತ “ವೇಸುಕೋ ತಾಯೇ, ತೀಸುಕೋ ತಾಯೇ” ಎಂದು ಕೂಗಿ ದೇವಿಯನ್ನು ಕರೆತರುತ್ತಾರೆ. ದೇವತೆಗಳ ಬಟ್ಟೆಗಾಗಿ ವಿಷ್ಣುವಿನ ನಾಭಿಯ ತಾವರೆದಂಟಿನಿಂದ ನೂಲು ತರುತ್ತಿದ್ದ ದೇವಲ ಮಹರ್ಷಿಯನ್ನು ಅಸುರರು ಅಡ್ಡಗಟ್ಟಿದರಂತೆ, ಆಗ ಕಾಪಾಡಿದವಳು ಇವಳು. ದಿನವಿಡೀ ನಗಿಸುತ್ತಿದ್ದ ತಾತ ಆ ಹೊತ್ತಿನಲ್ಲಿ ಮಾತ್ರ ಮಾತಿಲ್ಲದೆ ಕಣ್ಣೀರು ಸುರಿಸುತ್ತ ನಿಂತಿರುತ್ತಿದ್ದರು.

ನೇಕಾರಿಕೆ ಒಬ್ಬನ ಕೈಕಸುಬು ಎಂದುಕೊಳ್ಳುವುದು ತಪ್ಪು. ಒಬ್ಬರು ಮಗ್ಗದ ಮೇಲೆ ಕೂರಬೇಕಾದರೆ ಮನೆಯ ನಾಲ್ಕು ಜನ ಬೆನ್ನಿಗಿರಬೇಕು. ಅಜ್ಜಿ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು, ಮಕ್ಕಳು ಅದನ್ನು ತಂದು ಕೊಡಬೇಕು, ಮಾವಂದಿರು ನೂಲು ತಂದು ಸೀರೆ ಒಯ್ಯಬೇಕು. ಹಾಸಿನ ಎಳೆಗಳಿಗೆ ಗಂಜಿ ಹಾಕುವ ದಿನವಂತೂ ಬೀದಿಯೇ ಬೇಕು. ಹಾಸನ್ನು ಅಲ್ಲಿ ಪಾವು ಎನ್ನುತ್ತಾರೆ, ಅದನ್ನು ಉದ್ದಕ್ಕೆ ಎಳೆದು ಕಟ್ಟುವ ಬಯಲಿಗೆ ಪಾವಡಿ. ಬಿಸಿಲೇರುವ ಮುಂಚೆ ಅಕ್ಕಿಗಂಜಿ ಬಳಿದು, ಬಾಚಿ, ಒಣಗಿಸಿ ಸುತ್ತಿಬಿಡಬೇಕು. ಮಳೆ ಬಂದರೆ ಎಲ್ಲವೂ ನೀರುಪಾಲು. ಮೋಡ ಕಂಡರೆ ಎಲ್ಲರ ಮುಖ ಕಪ್ಪಿಡುತ್ತಿತ್ತು. ತಾತ ಆಕಾಶಕ್ಕೆ ಮುಖ ಮಾಡಿ ಕೂಗುತ್ತಿದ್ದರು: “ಇವತ್ತು ಬರಬೇಡಪ್ಪಾ ಮಳೆರಾಯ. ಇದ್ದ ಗಂಜಿಯೆಲ್ಲ ಪಾವೇ ಕುಡಿದುಬಿಡ್ತು, ನಿನಗೆ ಬಡಿಸೋಕೆ ಏನೂ ಇಲ್ಲ.” ಅಕ್ಕಪಕ್ಕದವರೂ ನಕ್ಕು ಕೈಜೋಡಿಸುತ್ತಿದ್ದರು. ಈಗ ಗಂಜಿ ಹಾಕಿದ ಹಾಸು ಕಾರ್ಖಾನೆಯಿಂದಲೇ ಬರುವುದು ಹೆಚ್ಚು.

ಆದರೆ ಕೆಚ್ಚುವ ಕೆಲಸ ಇವತ್ತಿಗೂ ಕೈಯದ್ದೇ. ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚಿ ತೆಗೆಯುವುದಿಲ್ಲ. ಹಣಿಗೆಯಲ್ಲಿ ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಒಂದೊಂದೇ ಹಳೆಯ ತುದಿಗೆ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ. ಇಬ್ಬರು ಎದುರುಬದುರು ಕೂತರೆ ಬೇಗ ಸಾಗುತ್ತದೆ. ನನ್ನ ದೊಡ್ಡತ್ತೆಗೂ ಚಿಕ್ಕತ್ತೆಗೂ ಆಗಾಗ ಮಾತು ನಿಂತುಹೋಗುತ್ತಿತ್ತು. ಅಂಥ ದಿನಗಳಲ್ಲೇ ತಾತನಿಗೆ ಕೆಚ್ಚುವ ಕೆಲಸ ನೆನಪಾಗುತ್ತಿತ್ತು. “ನನ್ನ ಕಣ್ಣು ಮಂಜು, ಇಬ್ಬರೂ ಬನ್ನಿ.” ಅತ್ತ ಒಬ್ಬರು, ಇತ್ತ ಒಬ್ಬರು, ನಡುವೆ ಎಳೆಗಳ ಪರದೆ. ಮೊದಲ ನೂರು ಎಳೆ ಮೌನ. ಆಮೇಲೆ “ಅದನ್ನ ಕೊಡು”, “ಇದು ಬಿಟ್ಟುಹೋಯ್ತು ನೋಡು”. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ತಾತನ ಮೇಲೆಯೇ ದೂರು ಹೇಳುತ್ತಿದ್ದರು. ಪೈ ಪೈ ಕೂಲಿಯಲ್ಲಿ ಅಷ್ಟು ಜನ ಒಂದೇ ಸೂರಿನಡಿ ದುಡಿದದ್ದು ಈ ಮುದುಕನ ತಮಾಷೆಯ ಬಲದಿಂದ ಎಂದು ನಾನು ಖಂಡಿತ ನಂಬುತ್ತೇನೆ. ಹಾಸು-ಹೊಕ್ಕು ಎಂಬ ನಮ್ಮ ನುಡಿಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ನೆಗಮಂ ಸೀರೆ ಮೈತುಂಬಿದ ಹತ್ತಿಯದು, ಒಡಲಿಗೂ ಅಂಚಿಗೂ ಎದ್ದು ಕಾಣುವ ಬಣ್ಣ, ಒಗೆದಷ್ಟೂ ಮೆತ್ತಗಾಗುತ್ತದೆ. ಅದೇ ಜಿಲ್ಲೆಯಲ್ಲಿ ರೇಷ್ಮೆ, ಹತ್ತಿ ಬೆರೆಸಿ ನೇಯುವ ಕೋವೈ ಕೋರಾ ಉಂಟು, ಭವಾನಿ ಹೊಳೆಯ ದಡದ ಸಿರುಮುಗೈಯಲ್ಲಿ ಮೃದು ರೇಷ್ಮೆ ಉಂಟು. ಕೊಯಮತ್ತೂರಿನ ಮೊದಲ ನೂಲಿನ ಗಿರಣಿ ಶುರುವಾದದ್ದು 1888ರಲ್ಲಿ. ಆಮೇಲೆ ಸೋಮನೂರು, ಪಲ್ಲಡಂ ಕಡೆ ವಿದ್ಯುತ್ ಮಗ್ಗಗಳು ಹಬ್ಬಿದವು. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾನೂನು 1985ರಲ್ಲಿ ಬಂತು, ಆದರೂ ಕೈಮಗ್ಗದ ಹೆಸರಿನಲ್ಲಿ ವಿದ್ಯುತ್ ಮಗ್ಗದ ಸೀರೆ ಮಾರುವುದು ನಿಂತಿಲ್ಲ. ಎರಡು ಮೂರು ದಿನ ತುಳಿದು ನೇಯ್ದ ಸೀರೆಗೆ ಸಿಗುವ ಕೂಲಿ ನೋಡಿದರೆ ಹುಡುಗರು ಗುಂಡಿಗೆ ಇಳಿಯದಿರುವುದಕ್ಕೆ ಬೈಯಲು ನನಗೆ ಮನಸ್ಸಾಗುವುದಿಲ್ಲ.

ಮಾವನ ಮಗ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟ ದಿನ ಮನೆಯಲ್ಲಿ ಅಳುಮುಖ. ತಾತ ಅವನ ಹಣೆಗೆ ವಿಭೂತಿ ಹಚ್ಚಿ, “ಸೀರೆಯೋ ಬನಿಯನ್ನೋ, ಊರಿನ ಮಾನ ಮುಚ್ಚೋ ಕೆಲಸವೇ. ದೇವಲ ಮಹರ್ಷಿಗೆ ಬನಿಯನ್ ಹೊಳೀಲಿಲ್ಲ, ಅಷ್ಟೇ” ಎಂದರು. ಹುಡುಗ ನಗುತ್ತಲೇ ಬಸ್ಸು ಹತ್ತಿದ. ಆ ರಾತ್ರಿ ಮಗ್ಗದ ಸದ್ದು ಬಹಳ ಹೊತ್ತಿನವರೆಗೂ ಕೇಳುತ್ತಿತ್ತು ಎಂದು ಅಜ್ಜಿ ಆಮೇಲೆ ಹೇಳಿದರು.

ತಾತ ಹೋದಾಗ ಹಾಸಿನಲ್ಲಿ ಒಂದೇ ಸೀರೆ ಬಾಕಿಯಿತ್ತು. ದೊಡ್ಡತ್ತೆ ಅದನ್ನು ನೇಯ್ದು ಮುಗಿಸಿದರು. ಮಗ್ಗ ಕಿತ್ತು ಅಟ್ಟಕ್ಕೆ ಹಾಕೋಣವೇ ಎಂದು ಮಾವಂದಿರು ಹೊರಗೆ ಮಾತಾಡುತ್ತಿದ್ದರು. ಒಳಗೆ ನೋಡಿದರೆ, ಯಾರೂ ಕರೆಯದೆ, ಇಬ್ಬರು ಅತ್ತೆಯರೂ ಹೊಸ ಪಾವು ಹರಡಿಕೊಂಡು ಎದುರುಬದುರು ಕೂತಿದ್ದರು. ತಾತ ಹಣಿಗೆಯಲ್ಲಿ ಬಿಟ್ಟುಹೋದ ತುದಿಗಳಿಗೆ ಒಂದೊಂದೇ ಎಳೆ ಹೊಸೆಯುತ್ತಿದ್ದರು. ಮುಗಿಯುವಾಗ ದೀಪ ಹಚ್ಚುವ ಹೊತ್ತು. ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಕಾಲು ಇಳಿಸಿದರು. “ಅಕ್ಕಾ, ಯಮ ಬಂದಾನು” ಎಂದರು ಚಿಕ್ಕತ್ತೆ. ಇಬ್ಬರಿಗೂ ನಗು ಉಕ್ಕಿ ಬಂತು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.