ಅಪ್ಪನ ಮಳೆ ಪುಸ್ತಕ, ನನ್ನ ಮಳೆ ಡಬ್ಬ

ಹೋದ ವರ್ಷ ಪುನರ್ವಸು ಮಳೆ ಸ್ವಲ್ಪ ಹೊಳವಾದಾಗ ನಮ್ಮ ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸಿದ್ದೇ ತಡ, ಎರಡು ಗಂಟೆಯೊಳಗೆ ಮಳೆ ಜಡಿಯಿತು. ಔಷಧಿ ಗೊನೆಯ ಮೇಲೆ ಒಣಗಿತ್ತೋ, ತೊಳೆದೇ ಹೋಯಿತೋ? ಮತ್ತೆ ಹೊಡೆಸೋಣವೆಂದರೆ ಮರ ಹತ್ತುವವರು ಸಿಗಬೇಕಲ್ಲ. "ಇಷ್ಟಕ್ಕೆಲ್ಲ ಏನಾಗಲ್ಲ ಬಿಡು" ಅಂದರು ಅಪ್ಪ. ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ ಮರದ ಬುಡದಲ್ಲೆಲ್ಲ ಕೊಳೆತು ಉದುರಿದ ಹಸಿ ಅಡಿಕೆ. ಅಮ್ಮ ಅದನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು, ಮಾತಿಲ್ಲ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದವನು. ನನಗೆ ತೋಚುವ ಪರಿಹಾರ ಯಾವಾಗಲೂ ಒಂದು ಯಂತ್ರ! 14 ಸಾವಿರ ಕೊಟ್ಟು ಮನೆಬಳಕೆಯ ಹವಾಮಾನ ಕೇಂದ್ರ ತಂದೆ.

"ನಾಳೆ ಮಳೆ ಬರುತ್ತಾ ಹೇಳುತ್ತಾ ಇದು?" ಅಪ್ಪನ ಮೊದಲ ಪ್ರಶ್ನೆ. ಹೇಳಲ್ಲ. ಪರದೆಯ ಮೇಲೆ ಸೂರ್ಯ, ಮೋಡದ ಚಿತ್ರ ಬರುತ್ತದೆ ನಿಜ, ಅದು ಗಾಳಿಯ ಒತ್ತಡದ ಏರಿಳಿತ ನೋಡಿ ಮಾಡುವ ಅಂದಾಜು ಅಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನಂಬಬೇಡಿ. ಈ ಯಂತ್ರ ಹೇಳುವುದು ಆಗಿಹೋದದ್ದನ್ನು: ಔಷಧಿ ಹೊಡೆದ ಮೇಲೆ ಎಷ್ಟು ಗಂಟೆ ಒಣ ಇತ್ತು, ಆಮೇಲೆ ಒಟ್ಟು ಎಷ್ಟು ಮಳೆ ಬಿತ್ತು. ನಮಗೆ ಬೇಕಾಗಿದ್ದದ್ದೂ ಅದೇ. ಕೊಳೆರೋಗ ತರುವ ಫೈಟಾಫ್ಥೊರಾಗೆ ಜಡಿಮಳೆ, ತಂಪು, ತೇವ ಅಂದರೆ ಹಬ್ಬ, ನಡುನಡುವೆ ಬಿಸಿಲು ಹಣಕಿದರೆ ಇನ್ನೂ ಹಬ್ಬ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಮಳೆಮಾಪಕಗಳಿವೆ, ಆದರೆ ಗುಡ್ಡದ ಆಚೆ ಬಿದ್ದ ಮಳೆ ಈಚೆ ಬಿದ್ದಿರಬೇಕೆಂದಿಲ್ಲ.

ಕೊಳ್ಳುವಾಗ ನಾನು ಮಾಡಿದ ಒಂದೇ ಜಾಣತನವೆಂದರೆ ಎಲ್ಲ ಒಂದೇ ಕಂಬಕ್ಕೆ ಅಂಟಿಕೊಂಡ ಮಾದರಿಯನ್ನು ಬಿಟ್ಟದ್ದು. ಗಾಳಿ ಅಳೆಯುವುದು ಎತ್ತರದಲ್ಲಿರಬೇಕು. ಉಷ್ಣಾಂಶದ್ದು ಆಳೆತ್ತರದಲ್ಲಿ, ಬಿಸಿಲು ನೇರ ತಾಗದ ಗೂಡಿನಲ್ಲಿ. ಮಳೆಯದ್ದು ಬಯಲಲ್ಲಿ, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ. ತೋಟದೊಳಗೆ ಅಂಥ ಜಾಗ ಎಲ್ಲಿ? ಅಡಿಕೆ ಒಣಗಿಸುವ ಅಂಗಳವೇ ಗತಿ. ಸೌರಫಲಕ ನೆಚ್ಚಿದ್ದನ್ನೂ ತೆಗೆದುಕೊಳ್ಳಲಿಲ್ಲ, ಆಷಾಢದಲ್ಲಿ ನಮ್ಮಲ್ಲಿ ವಾರಗಟ್ಟಲೆ ಬಿಸಿಲೇ ಇರಲ್ಲ. ಲಿಥಿಯಂ ಸೆಲ್ ಹಾಕಿದೆ.

ಹದಿನೈದು ದಿನ ಬೆಂಗಳೂರಿನಿಂದಲೇ ಮೊಬೈಲಿನಲ್ಲಿ ಮಳೆ ನೋಡಿ ಬೀಗಿದೆ. ಆಮೇಲೊಂದು ಬೆಳಿಗ್ಗೆ ಫೋನು: "ಎಷ್ಟು ತೋರಿಸ್ತಿದೆ ನಿಂದು?"

"38 ಮಿಲಿಮೀಟರ್."

"ನಂದು 61."

ಅಪ್ಪ ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಸಾದಾ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುವವರು. ನಾನು ವಾದಕ್ಕೇ ಇಳಿದೆ. ವಾರಾಂತ್ಯದಲ್ಲಿ ಊರಿಗೆ ಹೋಗಿ ಮುಚ್ಚಳ ಬಿಚ್ಚಿದರೆ ಒಳಗೆ ಇರುವೆ ಗೂಡು! ಈ ಮಾಪಕದೊಳಗೆ ಪುಟ್ಟ ತಕ್ಕಡಿಯಂಥ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿದಾಗ ಮಗುಚಿ ಲೆಕ್ಕ ಕೊಡುತ್ತದೆ, ಇನ್ನೊಂದು ತುಂಬಲು ಶುರು. ನಮ್ಮದರಲ್ಲಿ ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಡಬ್ಬ ಒಂದು ಕಡೆಗೆ ವಾಲಿಯೂ ಇತ್ತು. ಗೂಡು ತೆಗೆದು, ಮಟ್ಟ ಮಾಡಿ, ಪರೀಕ್ಷೆ ಮಾಡಿದೆವು. ಬಾಯಿಯ ಅಗಲ 20 ಸೆಂಟಿಮೀಟರ್ ಇದ್ದರೆ 314 ಮಿಲಿಲೀಟರ್ ನೀರಿಗೆ 10 ಮಿಲಿಮೀಟರ್ ಮಳೆ ತೋರಿಸಬೇಕು. ನೀರನ್ನು ತೊಟ್ಟುತೊಟ್ಟಾಗಿ ಬಿಡಬೇಕು, ಒಮ್ಮೆಲೇ ಸುರಿದರೆ ಲೆಕ್ಕ ತಪ್ಪುತ್ತದೆ. ಧೋ ಅಂತ ಸುರಿಯುವ ಮಳೆಗೆ ಇಂಥ ಮಾಪಕ ಒಂದಿಷ್ಟು ಕಡಿಮೆ ತೋರಿಸುವುದೂ ಇದೇ ಕಾರಣಕ್ಕೆ.

ಈ ವರ್ಷವೂ ಎರಡನೇ ಸಲ ಹೊಡೆಸಿದ ಸಂಜೆಯೇ ಮಳೆ ಬಂತು. ಫೋನಲ್ಲೇ ನೋಡಿದೆವು: ಹೊಡೆದು ಮುಗಿಸಿದ ಮೇಲೆ ಆರು ಗಂಟೆ ಒಣ. ಮೇಲಿನ ತೋಟ ಹಾಗೇ ಬಿಟ್ಟೆವು. ಮಧ್ಯಾಹ್ನದ ಮೇಲೆ ಹೊಡೆದ ಕೆಳಗಿನ ಸಾಲುಗಳಿಗೆ ಮಾತ್ರ ಮತ್ತೆ ಹೊಡೆಸಿದೆವು. ಕೊಳೆ ಪೂರ್ತಿ ತಪ್ಪಲಿಲ್ಲ, ಆದರೆ ಅಮ್ಮನ ಬುಟ್ಟಿ ಈ ಸಲ ತುಂಬಲಿಲ್ಲ.

ಅಪ್ಪನ ಪುಸ್ತಕದಲ್ಲಿ ಈಗ ಎರಡು ಕಾಲಂ. ಒಂದರ ಮೇಲೆ 'ಮಳೆ' ಅಂತಿದೆ, ಇನ್ನೊಂದರ ಮೇಲೆ 'ಮಗನ ಡಬ್ಬ'.