'ಪಾನಪಾತ್ರೆ' ಪದದ ಅರ್ಥವೇನು?

ಮಲೆಬೆನ್ನೂರು, ಹರಿಹರದ ಕಡೆಯ ಮನೆಗಳಲ್ಲಿ 'ಪಾತ್ರೆ' ಎಂದರೆ ಅಡುಗೆಮನೆಯ ಪಾತ್ರೆ; ನೀರು ಕುಡಿಯುವುದು ಲೋಟದಲ್ಲಿ. ಹಾಗಾದರೆ ಬಲಿಪೂಜೆಯಲ್ಲಿ ದ್ರಾಕ್ಷಾರಸವಿರುವ ಬಟ್ಟಲನ್ನು 'ಪಾನಪಾತ್ರೆ' ಎನ್ನುವುದೇಕೆ?

ಸಂಸ್ಕೃತದಲ್ಲಿ 'ಪಾ' ಎಂದರೆ ಕುಡಿ. 'ತ್ರ' ಎಂಬುದು ಸಾಧನವನ್ನು ಸೂಚಿಸುವ ಪ್ರತ್ಯಯ. ಕುಡಿಯಲು ಬಳಸುವ ಸಾಧನವೇ 'ಪಾತ್ರ'. ಕಾಲಕ್ರಮೇಣ ಅರ್ಥ ಹಿಗ್ಗಿ, ಕನ್ನಡದ 'ಪಾತ್ರೆ' ಕೊಳಗ, ತಪ್ಪಲೆಗಳಿಗೂ ಹೆಸರಾಯಿತು. ಮುಂದೆ ಸೇರಿರುವ 'ಪಾನ' ಮೂಲ ಅರ್ಥವನ್ನು ನೆನಪಿಸುತ್ತದೆ. ಅದೂ 'ಪಾ' ಧಾತುವಿನದೇ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಪೊಟೇರಿಯೊನ್' ಕೂಡ ಇದೇ ಧಾತುವಿನ ಬಂಧು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಲ್ಯಾಟಿನ್ ಪದ ಮಾತ್ರ ಬೇರೆ: 'ಕಾಲಿಕ್ಸ್'. ಇಂಗ್ಲಿಷಿನ 'ಚಾಲಿಸ್' ಅದರಿಂದ ಬಂದದ್ದು.

'ಕೃಪೆಗೆ ಪಾತ್ರರಾದರು' ಎನ್ನುವಾಗಲೂ ಇದೇ ಪದವಿದೆ. ತುಂಬಿಸಿಕೊಳ್ಳುವ ಪಾತ್ರೆಯಿಂದ, ಪಡೆಯಲು ಯೋಗ್ಯ ಎಂಬ ಅರ್ಥ ಬೆಳೆಯಿತು.

ಬಲಿಪೀಠದ ಪಾತ್ರೆಗೂ ಈ ಯೋಗ್ಯತೆ ಬೇಕು. ಮನೆಬಳಕೆಯ ಸಾಮಾನ್ಯ ಪಾತ್ರೆ, ಗಾಜು, ಮಣ್ಣು ಅಥವಾ ಸುಲಭವಾಗಿ ಒಡೆಯುವ ವಸ್ತುವಿನ ಪಾತ್ರೆ ಸಲ್ಲದು ಎಂದು ವ್ಯಾಟಿಕನ್ 2004ರ ಸೂಚನೆಯಲ್ಲಿ ತಿಳಿಸಿದೆ. ಪೂಜೆಯ ಸಿದ್ಧತೆ ಮಾಡುವವರೂ ಧರ್ಮೋಪದೇಶ ಕಲಿಸುವವರೂ ಮಕ್ಕಳಿಗೆ ಇದನ್ನು ತಿಳಿಸಿಕೊಟ್ಟರೆ ಒಳ್ಳೆಯದು.