ಬೆಟ್ಟಗಳು ಕಾಯ್ದ ನಾಡು: ಯುನ್ನಾನ್

ಚೀನಾ ದೇಶದ ನೈಋತ್ಯ ಮೂಲೆಯಲ್ಲಿ ಮ್ಯಾನ್ಮಾರ್, ಲಾವೋಸ್, ವಿಯೆಟ್ನಾಂಗಳ ಗಡಿಗೆ ತಾಗಿ ಯುನ್ನಾನ್ ಪ್ರಾಂತವಿದೆ. ದಕ್ಷಿಣದಿಂದ ಉತ್ತರಕ್ಕೆ ಪಯಣಿಸುವವನಿಗೆ ಮೊದಲು ಕಾಣುವುದು ಬೆಚ್ಚನೆಯ ದಟ್ಟ ಕಾಡು, ದಾಯ್ ಜನರ ಬೌದ್ಧ ವಿಹಾರಗಳು. ನಡುವೆ, ಸುಮಾರು 1,900 ಮೀಟರ್ ಎತ್ತರದಲ್ಲಿ, ಚಳಿಯೂ ಸೆಕೆಯೂ ಮಿತಿಮೀರದ ಕುನ್ಮಿಂಗ್ ನಗರ. ವಾಯವ್ಯದಲ್ಲಿ 6,740 ಮೀಟರ್ ಎತ್ತರದ ಕಾವಾಗೆಬೊ ಹಿಮಶಿಖರ. ಟಿಬೆಟಿನ ಜನರಿಗೆ ಅದು ದೇವರ ಬೆಟ್ಟ.

ಒಂದೇ ಪ್ರಾಂತದಲ್ಲಿ ಇಷ್ಟೊಂದು ವೈವಿಧ್ಯವೇಕೆ? ವಾಯವ್ಯದಲ್ಲಿ ನೂ, ಲಾನ್‌ಚಾಂಗ್, ಜಿನ್‌ಶಾ ಎಂಬ ಮೂರು ಮಹಾನದಿಗಳು ಆಳವಾದ ಕಣಿವೆಗಳಲ್ಲಿ ಒಂದರ ಪಕ್ಕದಲ್ಲೊಂದು ಹರಿಯುತ್ತವೆ. ನೂ ನದಿಯನ್ನು ಹಳ್ಳಿಗರು ಹಗ್ಗಕ್ಕೆ ಜೋತುಬಿದ್ದು ದಾಟುತ್ತಿದ್ದರು. ಹೀಗಿರಲು ಒಂದು ಕಣಿವೆಯ ನುಡಿ ಮತ್ತೊಂದಕ್ಕೆ ಸುಲಭವಾಗಿ ದಾಟಲಿಲ್ಲ. ಪ್ರಾಂತದಲ್ಲಿ 25 ಅಲ್ಪಸಂಖ್ಯಾತ ಜನಾಂಗಗಳಿವೆ. ಅವುಗಳಲ್ಲೊಂದಾದ, ಲಿಜಿಯಾಂಗಿನ ನಾಶಿ ಜನರ ಪುರೋಹಿತರು ತಮ್ಮ ಗ್ರಂಥಗಳನ್ನು ಚಿತ್ರಲಿಪಿಯಲ್ಲಿ ಬರೆದಿಟ್ಟರು.

2023ರಲ್ಲಿ ಲಿಜಿಯಾಂಗಿನಿಂದ ಶಾಂಗ್ರಿ-ಲಾ ಪಟ್ಟಣಕ್ಕೂ ರೈಲು ಬಂದಿತು. ಬೆಟ್ಟದ ಮಕ್ಕಳು ಇನ್ನು ಸುಲಭವಾಗಿ ದೂರ ಹೋಗಿ ಓದಬಹುದು. ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಅದನ್ನು ದೂಷಿಸಲಾರೆ. ಆದರೆ ಆ ಚಿತ್ರಲಿಪಿಯನ್ನು ಓದಬಲ್ಲವರು ಇಂದು ಕೆಲವರೇ. ಬೆಟ್ಟಗಳು ಇದುವರೆಗೆ ಕಾಯ್ದುದನ್ನು ಇನ್ನು ಮುಂದೆ ಓದು ಕಲಿತ ಆ ಮಕ್ಕಳೇ ಕಾಯಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ.